ಎಡಕ್ಕೆ ಬಿದ್ದ ಹೂವು

ಒಗೆಯುವ ಕಲ್ಲಿನ ಮೇಲೆ ಮಗಳ ಪ್ಯಾಂಟು ಹರಡಿ ಸೋಪು ಹಚ್ಚಲು ಹೋದ ಜಯಂತಿಯ ಕೈ ಅಲ್ಲಿಯೇ ನಿಂತಿತು. ಪ್ಯಾಂಟಿನ ಅಂಚಿಗೆ ಬೂದು ಬಣ್ಣದ ಕೆಸರು ಮೆತ್ತಿ ಒಣಗಿತ್ತು. ಮೂಗಿನ ಹತ್ತಿರ ತಂದರೆ ಚಿಪ್ಪಿಯ ವಾಸನೆ. ಹೊಳೆ ಇಳಿದಾಗ ದೋಣಿಯಿಂದ ದಡಕ್ಕೆ ನಡೆದು ಬರುವವರ ಕಾಲಿಗೆ ಹತ್ತುವ ಕೆಸರು ಅದು. ತೂಗುಸೇತುವೆ ದಾಟಿ ಹೊನ್ನಾವರದ ಕಾಲೇಜಿಗೆ ಹೋಗಿಬರುವ ಹುಡುಗಿಗೆ ಇದು ಎಲ್ಲಿಂದ ಹತ್ತಿತು?

"ಸುಚಿತಾ, ಬಾ ಇಲ್ಲಿ. ಇದೆಂತದೆ ಮಾರಾಯ್ತಿ? ಕಾಲೇಜಲ್ಲಿ ಗದ್ದೆ ನೆಟ್ಟಿ ಮಾಡಿಸ್ತಾರಾ?"

ಸುಚಿತಾ ಬಾಗಿಲಲ್ಲಿ ನಿಂತು ಉಗುರು ಕಚ್ಚಿದಳು. "ದೋಣಿಲಿ ಬಂದೆ ಆಯಿ."

"ಸೇತುವೆಗೆ ಎಂತ ಆತು?"

"ಅಪ್ಪ ಹೇಳಿದ್ರು. ಸೇತುವೆ ಮೇಲೆ ಹುಡುಗ್ರು ಮೊಬೈಲ್ ಹಿಡ್ಕಂಡು ಕೂತಿರ್ತಾರೆ, ನಾಗಪತಿಯಣ್ಣನ ದೋಣಿಲೇ ಹೋಗು ಅಂತ. ನಿಂಗೆ ಹೇಳ್ಬೇಡ ಅಂದ್ರು. ನಿಂಗೆ ದೋಣಿ ಅಂದ್ರೆ ಹೆದ್ರಿಕೆ ಅಲ್ದಾ?"

"ಯಾವಾಗಿಂದ?"

"ಯುಗಾದಿ ಆದ್ಮೇಲೆ."

ಜಯಂತಿ ಕೆಸರನ್ನು ಉಗುರಿನಿಂದ ಕೆರೆದು ತೆಗೆದಳು. ಸೇತುವೆಯ ಮೇಲೆ ಕೂತಿರುವ ಹುಡುಗರೆಂದರೆ ಯಾರು? ಎಲ್ಲರೂ ತಾರಿಕುರ್ವೆಯವರೇ, ಸುಚಿತಾಳಿಗೆ ಅಣ್ಣನೋ ತಮ್ಮನೋ ಆಗಬೇಕಾದವರೇ. ಅವರಿಗೆ ಹೆದರಿ ಮಗಳನ್ನು ದೋಣಿಗೆ ಹತ್ತಿಸುವ ಜಾತಿಯವನಲ್ಲ ತನ್ನ ಗಂಡ.

ಜಗದೀಶ ಶರಾವತಿಯ ನಡುವಿನ ನಡುಗಡ್ಡೆಯಾದ ಈ ಕುರ್ವೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಹುಡುಗನಿರುವಾಗಲೇ ಸೈನ್ಯದ ಇಂಜಿನಿಯರ್ ದಳಕ್ಕೆ ಸೇರಿ, ಅಲ್ಲಿಯೇ ಓದಿ, ಗಡಿಯ ಕಣಿವೆಗಳಿಗೆಲ್ಲ ಸೇತುವೆ ಹಾಕಿ, ಸುಬೇದಾರನಾಗಿ ಪಿಂಚಣಿಗೆ ಬಂದಿದ್ದ. ಈಗ ಕುಮಟೆಯಲ್ಲಿ ಒಬ್ಬ ಕಂತ್ರಾಟುದಾರರ ಹತ್ತಿರ ಇಂಜಿನಿಯರ್ ಕೆಲಸ. ಕಣಿವೆಗೆ ಜಾರಿದ ಲಾರಿಯಿಂದ ತಾನು ಬದುಕಿ ಬಂದದ್ದು ಊರ ಮಾಸ್ತಿಯಮ್ಮನ ಕೃಪೆಯಿಂದ ಎಂದು ನಂಬಿದವನು. ಬೆಳಿಗ್ಗೆ ಮಿಂದು, ಅಮ್ಮನ ಕಲ್ಲಿಗೆ ಕೈಮುಗಿಯದೆ ಚಾ ಕುಡಿಯುತ್ತಿರಲಿಲ್ಲ. ಹೊಸ ಸ್ಕೂಟರ್ ತಗೊಳ್ಳುವುದಿರಲಿ, ಬಾವಿಗೆ ಪಂಪು ಕೂರಿಸುವುದಿರಲಿ, ಅಮ್ಮನಲ್ಲಿ ಪ್ರಸಾದ ಕೇಳಿಯೇ ಮುಂದಿನ ಕೆಲಸ. ಪೂಜೆ ಮಾಡುವ ಗುನಗ ಬೊಮ್ಮಯ್ಯ ದೇವಿಯ ಮೈಗೆ ಎಡಕ್ಕೂ ಬಲಕ್ಕೂ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಾರ್ಥನೆ ಮಾಡುತ್ತಾನೆ. ಬಲದ ಎಸಳು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಬಿದ್ದ ಮೇಲೆ ಮಾತಿಲ್ಲ. "ಮೇಲಿನವರ ಆರ್ಡರ್ ಬಂದ್ಮೇಲೆ ಎಂತಕ್ಕೆ ಅಂತ ಕೇಳೂಕಿಲ್ಲ," ಎನ್ನುತ್ತಿದ್ದ ಜಗದೀಶ. ಮನೆಯಲ್ಲಿ ಅವನ ಈ ಭಕ್ತಿಯನ್ನು ನೋಡಿ ಯಾರೂ ನಕ್ಕದ್ದಿಲ್ಲ. ಅವನ ತಾಯಿ ದುರ್ಗಿಗಂತೂ ಅದೇ ದೊಡ್ಡ ಸಮಾಧಾನ.

ಹೋದ ದೀಪಾವಳಿಯ ನಂತರ ತೂಗುಸೇತುವೆಯ ದುರಸ್ತಿ ಆದಾಗಲೂ ಹೀಗೆಯೇ ಆಗಿತ್ತು. ಹಲಗೆ ಬದಲಾಯಿತು, ಜಾಲರಿ ಬದಲಾಯಿತು, ಉಕ್ಕಿನ ಹಗ್ಗಗಳಿಗೆ ಗ್ರೀಸು ಬಿತ್ತು, ಎಲ್ಲದಕ್ಕೂ ಬೆಳ್ಳಿ ಬಣ್ಣ ಬಂತು. ಊರ ಕಮಿಟಿಯವರು, "ನಮ್ಮ ಸುಬೇದಾರ್ರು ನೋಡಿ ಆತು ಅಂದ್ರೆ ಆತು," ಎಂದು ಜಗದೀಶನನ್ನು ಮುಂದೆ ಮಾಡಿದ್ದರು. ಅವನು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ. ನೋಡಲಾಗದೆ ಉಳಿದದ್ದು ಒಂದೇ. ಕುರ್ವೆಯ ಕಡೆ ಸೇತುವೆಯ ಹಗ್ಗಗಳನ್ನು ಹಿಡಿದು ನಿಂತ ಎರಡು ದಪ್ಪ ಸರಳುಗಳು ನೆಲದೊಳಗೆ ಇಳಿದು ಕಾಂಕ್ರೀಟಿನ ದಿಮ್ಮಿಯನ್ನು ಸೇರುತ್ತವೆ. ಅಲ್ಲಿ ಅಗೆದು ನೋಡಬೇಕು. ಆದರೆ ಆ ಜಾಗಕ್ಕೂ ಮಾಸ್ತಿಯಮ್ಮನ ಕಲ್ಲಿಗೂ ಒಂದು ಮಾರು ದೂರವಿಲ್ಲ. ಅಮ್ಮನ ಅಪ್ಪಣೆ ಇಲ್ಲದೆ ಅಲ್ಲಿ ಯಾರೂ ಗುದ್ದಲಿ ಊರುವ ಹಾಗಿರಲಿಲ್ಲ.

ಪ್ರಸಾದ ಕೇಳುವ ದಿನ ಜಯಂತಿಯೂ ಹೋಗಿದ್ದಳು. "ಅಗೆದು ನೋಡ್ಲಾ ತಾಯಿ?" ಎಂದು ಜಗದೀಶ ಕೈಮುಗಿದು ನಿಂತಿದ್ದ. ಎಡದ ಎಸಳು ತಡಮಾಡದೆ ಕಳಚಿ ಬಿತ್ತು. ಬೊಮ್ಮಯ್ಯ, "ಬೇಡ ಅಂದ್ಲು," ಎಂದ. ಜಗದೀಶ ನೆಲಕ್ಕೆ ಹಣೆ ಮುಟ್ಟಿಸಿ ಎದ್ದು ಕಮಿಟಿಯವರ ಕಡೆ ತಿರುಗಿ, "ಅಮ್ಮ ಬೇಡ ಅಂದ್ಮೇಲೆ ಒಳಗೆ ಎಲ್ಲ ಸರಿ ಅದೆ ಅಂತಲೇ. ಸೇತುವೆ ಗಟ್ಟಿ ಅದೆ," ಎಂದಿದ್ದ. ಜನ ಚಪ್ಪಾಳೆ ತಟ್ಟಿದ್ದರು.

ಅದೆಲ್ಲ ಈಗ ನೆನಪಾಗಿ ಜಯಂತಿ ಬಟ್ಟೆಯ ನೀರು ಹಿಂಡದೆ ಹಾಗೆಯೇ ಹಿಡಿದು ನಿಂತಳು. ಯುಗಾದಿಯ ನಂತರ ಗಂಡ ಬೆಳಿಗ್ಗೆ ಅಮ್ಮನ ಕಲ್ಲಿನ ಹತ್ತಿರ ಬಹಳ ಹೊತ್ತು ಇರುತ್ತಿದ್ದ. ಹೂ ಕೊಯ್ಯಲು ಹೋದಾಗ ಒಂದೆರಡು ಸಲ ಅವಳೇ ನೋಡಿದ್ದಳು. ನೆಲಕ್ಕೆ ಬಗ್ಗಿ ಕೂತಿರುತ್ತಿದ್ದ. ಭಕ್ತಿ ಹೆಚ್ಚಾಗಿದೆ ಎಂದುಕೊಂಡಿದ್ದಳು.

ರಾತ್ರಿ ಊಟಕ್ಕೆ ಬಡಿಸುತ್ತ ಮೆಲ್ಲಗೆ ತೆಗೆದಳು. "ಸುಚಿತಾನ್ನ ದೋಣಿಲಿ ಕಳಿಸ್ತ್ರಂತೆ."

ಜಗದೀಶ ಅನ್ನ ಕಲಸುತ್ತಲೇ ಇದ್ದ. "ಹೂಂ."

"ಎಂತಕ್ಕೆ?"

"ಸುಮ್ನೆ. ಹೊಳೆ ಗಾಳಿ ಒಳ್ಳೇದು."

ದುರ್ಗಿ ನಕ್ಕಳು. "ಹೊಳೆ ಗಾಳಿ ಸೇತುವೆ ಮೇಲೆ ಬೀಸೂದಿಲ್ವನಾ ತಮ್ಮಾ?"

ಅವನು ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆದ. ಜಯಂತಿ ತಟ್ಟೆಯಲ್ಲಿ ಉಳಿದ ಮೀನಿನ ತುಂಡನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವನು ಬಂಗಡೆಯನ್ನು ಬಿಟ್ಟು ಎದ್ದದ್ದಿಲ್ಲ.

ಆ ವಾರವೇ ಮನೆಯಲ್ಲಿ ಮದುವೆ. ಜಗದೀಶನ ಅಣ್ಣ ದಾಸನ ಮಗ ಸುಮಿತನಿಗೆ ಭಟ್ಕಳದ ಹುಡುಗಿ ಗೊತ್ತಾಗಿದ್ದಳು. ಮದುವೆ ಭಟ್ಕಳದ ಹಾಲ್‌ನಲ್ಲಿ. ಊಟ ಮುಗಿಸಿ, ಬಸ್ಸುಗಳಲ್ಲಿ ಹೊಳೆಯ ಆಚೆದಡಕ್ಕೆ ಬಂದು, ಅಲ್ಲಿಂದ ಬ್ಯಾಂಡಿನೊಂದಿಗೆ ಇಡೀ ದಿಬ್ಬಣ ತೂಗುಸೇತುವೆಯ ಮೇಲೆ ನಡೆದು ಕುರ್ವೆಗೆ ಬರಬೇಕು. ದಾಸನ ಹಟ ಅದು. ತನ್ನ ಕಾಲದಲ್ಲಿ ಹೆಂಡತಿಯನ್ನು ಕೆಸರಿನಲ್ಲಿ ಎತ್ತಿಕೊಂಡು ತಂದಿದ್ದ. ಸೊಸೆ ಒಣಗಾಲಲ್ಲಿ ಬರಲಿ, ಊರು ನೋಡಲಿ.

ಮದುವೆಯ ದಿನ ಮೋಡ ಕಟ್ಟಿತ್ತು. ಮಳೆಯಿಲ್ಲ, ಗಾಳಿಯೂ ಇಲ್ಲ. ಹಾಲ್‌ನೊಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ಕಲಕುತ್ತಿದ್ದವು. ಊಟದ ಪಂಕ್ತಿಯಲ್ಲಿ ಹುಡುಗಿಯ ತಂದೆ ಕೃಷ್ಣಾನಂದ ಹೋಳಿಗೆ ಬಡಿಸುತ್ತ ಬಂದವರು ದಾಸನ ಎದುರು ನಿಂತರು.

"ಭಾವಯ್ಯ, ಆ ತೂಗುಸೇತುವೆ ಇಷ್ಟೂ ಜನ ತಡೀತದಾ? ನಮ್ಮ ಹೆಂಗಸ್ರು ಹೆದರ್ತಾ ಇದ್ರು."

ದಾಸ ಗಹಗಹಿಸಿ ನಕ್ಕ. "ನಮ್ಮ ಜಗದೀಶ ಕಾಶ್ಮೀರದಲ್ಲಿ ಟ್ಯಾಂಕ್ ದಾಟ್ಸಿದವ ಮಾರಾಯ್ರೇ! ನಿಮ್ಮ ಹೆಂಗಸ್ರು ಟ್ಯಾಂಕ್‌ಗಿಂತ ಭಾರ ಅದಾರಾ? ಹೋಳಿಗೆ ಒಂದು ಕಮ್ಮಿ ಹಾಕಿ, ಸರಿ ಆತದೆ."

ಪಂಕ್ತಿಯೆಲ್ಲ ನಕ್ಕಿತು. "ಹೌದನಾ ಸುಬೇದಾರ್ರೇ?" ಎಂದು ಕೃಷ್ಣಾನಂದರು ಜಗದೀಶನ ಕಡೆ ನೋಡಿದರು. ಎಲ್ಲರೂ ನೋಡಿದರು. ಜಗದೀಶ ಎಲೆಯ ಮೇಲಿನ ಕೈ ಎತ್ತದೆ, "ಅಮ್ಮ ಅದಾಳೆ," ಎಂದ.

ಎದುರಿನ ಪಂಕ್ತಿಯಲ್ಲಿದ್ದ ಜಯಂತಿ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದಳು. ತಡೀತದೆ ಎಂದು ಅವನು ಹೇಳಲಿಲ್ಲ.

ಮದುಮಕ್ಕಳನ್ನು ಆರತಿ ಎತ್ತಿ ಒಳಗೆ ಕರೆದುಕೊಳ್ಳುವುದು ಮನೆಯಲ್ಲಿ ಚಿಕ್ಕಮ್ಮನಾದ ಜಯಂತಿಯ ಕೆಲಸ. ಅದಕ್ಕಾಗಿ ಅವಳೂ ಜಗದೀಶನೂ ದಿಬ್ಬಣಕ್ಕಿಂತ ಮುಂಚೆ ಸ್ಕೂಟರಿನಲ್ಲಿ ಹೊರಟರು. ಸುಚಿತಾ ಮದುಮಗಳ ಪಕ್ಕ ಬಿಟ್ಟು ಏಳಲಿಲ್ಲ. "ನಾ ಅತ್ತಿಗೆ ಸಂಗಡ ಬಸ್ಸಲ್ಲಿ ಬತ್ತೆ ಆಯಿ. ಸೇತುವೆ ಮೇಲೆ ಡಾನ್ಸ್ ಮಾಡೂದದೆ!" ಎಂದಳು. ಜಗದೀಶ ಮಗಳನ್ನು ಒಂದು ಕ್ಷಣ ನೋಡಿದ. ಆಮೇಲೆ ಸ್ಕೂಟರ್ ಒದ್ದ. ಮುರ್ಡೇಶ್ವರ ದಾಟಿತು, ಮಂಕಿ ದಾಟಿತು. ಅವನ ಬೆನ್ನು ಬೆವರಿ ಹೊಸ ಅಂಗಿ ಅಂಟಿಕೊಂಡಿತ್ತು.

ಆಚೆದಡದಲ್ಲಿ ಸ್ಕೂಟರ್ ನಿಲ್ಲಿಸಿ ಸೇತುವೆಯ ಬಾಯಿಗೆ ಬಂದರು. ಕೆಳಗೆ ಹೊಳೆ ಇಳಿದು ಕೆಸರು ಮೇಲೆದ್ದಿತ್ತು; ದೋಣಿಗಳು ವಾಲಿಕೊಂಡು ಬಿದ್ದಿದ್ದವು.

"ನೀ ಮುಂದೆ ನಡಿ," ಎಂದ ಜಗದೀಶ. "ನೀ ಆಚೆ ಮುಟ್ಟಿದ್ಮೇಲೆ ನಾ ಬತ್ತೆ."

ಜಯಂತಿ ಅವನ ಮುಖ ನೋಡಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದಳು. ನಡುವಿಗೆ ಬಂದಾಗ ತಿರುಗಿ ನೋಡಿದರೆ ಅವನು ಅಲ್ಲಿಯೇ ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ. ಅವಳ ತಲೆಯ ಮೇಲಿನ ಹಗ್ಗವನ್ನು ನೋಡುತ್ತಿದ್ದ.

ಅವನು ದಾಟಿ ಬರುವವರೆಗೆ ಅವಳು ಮಾಸ್ತಿಯಮ್ಮನ ಕಲ್ಲಿನ ಹತ್ತಿರ ಕಾದಳು. ಅಲ್ಲಿಯೇ ಬೆಳ್ಳಿ ಬಣ್ಣದ ಸರಳುಗಳು ನೆಲಕ್ಕಿಳಿದಿದ್ದವು. ಒಂದು ಸರಳಿನ ಬುಡದಲ್ಲಿ ಬಣ್ಣ ಬಿರಿದು ಕಂದು ನೀರಿನ ಗೆರೆ ಇಳಿದಿತ್ತು. ನೆಲಕ್ಕಿಂತ ತುಸು ಮೇಲೆ ಸರಳಿಗೆ ಒಂದು ಬಿಳಿ ಗುರುತು ಎಳೆದಿತ್ತು. ಅವಳು ಬಗ್ಗಿದಳು. ಗಂಡ ಬೆಳಿಗ್ಗೆ ಬೆಳಿಗ್ಗೆ ಹೀಗೆಯೇ ಬಗ್ಗಿ ಕೂತಿರುತ್ತಿದ್ದ.

"ಈ ಗುರುತು ಯಾರು ಹಾಕಿದ್ದು?"

ಜಗದೀಶ ಬಂದು ಪಕ್ಕದಲ್ಲಿ ನಿಂತಿದ್ದ. "ನಾನೇ. ಯುಗಾದಿ ದಿನ. ಆಗ ನೆಲಕ್ಕೆ ತಾಗಿತ್ತು."

"ಮತ್ತೆ ಈಗ ಮೇಲೆ ಬಂದದೆ? ಸರಳು ಕಿತ್ತು ಬತ್ತಾ ಅದೆಯಾ?"

ಅವನು ಬಗ್ಗಿ ಗುರುತಿಗೂ ನೆಲಕ್ಕೂ ನಡುವೆ ಬೆರಳಿಟ್ಟು ಅಳೆದ.

"ಮಗಳಿಗೆ ದೋಣಿ. ನಾನಾದ್ರೆ ಒಬ್ಬಳೇ ದಾಟ್ಬೇಕು. ಉಳ್ದವರಿಗೆ? ಈಗ ಬ್ಯಾಂಡು ಬಡ್ಕಂಡು ಕುಣೀತಾ ಬರೋರಿಗೆ ಎಂತ ಹೇಳ್ತ್ರಿ? ಅಮ್ಮ ಅದಾಳೆ ಅಂತನಾ?"

"ಅಮ್ಮನೇ ಬೇಡ ಅಂದಿದ್ದಲ್ಲನೇ!" ಅವನ ದನಿ ಒಡೆಯಿತು. "ಒಳಗೆ ಎಂತಾದ್ರೂ ಆಗಿದ್ರೆ ಅಗೆದು ನೋಡು ಅಂತಿದ್ಲು. ಬೇಡ ಅಂದಿದ್ದಕ್ಕೆ ಸರಿ ಅದೆ ಅಂತ ತಿಳ್ದೆ. ಈಗ ನಾ ಸೇತುವೆ ಸರಿ ಇಲ್ಲ ಅಂದ್ರೆ ಅವಳ ಮಾತು ಸುಳ್ಳು ಅಂದಂಗೆ ಆತದೆ."

"ಅಗೀಬೇಡ ಅಂದ್ಲು," ಎಂದಳು ಜಯಂತಿ. "ದಾಟಿ ಅಂದ್ಲಾ?"

ಜಗದೀಶ ಅವಳನ್ನು ನೋಡಿದ. ಜೇಬಿನಿಂದ ಫೋನು ತೆಗೆದ. ದಾಸ ಎತ್ತಿದ. ಹಿಂದೆ ಬಸ್ಸಿನೊಳಗಿನ ಹಾಡು, ಹೆಂಗಸರ ನಗೆ.

"ಅಣ್ಣಾ, ಸೇತುವೆ ಮೇಲೆ ಬರ್ಬೇಡಿ. ಭರ್ತಿ ಆಗಿ ಹೊಳೆ ನೀರು ಏರೂವರೆಗೆ ಆಚೆದಡದಲ್ಲೇ ಕೂತ್ಕಳಿ. ದೋಣಿಲಿ ಬರ್ಲಿ."

"ಎಂತದಾ? ಕುಡ್ದಿದ್ಯನಾ?" ದಾಸನ ದನಿ ಹೊರಗೂ ಕೇಳುತ್ತಿತ್ತು. "ಮೂರ್ಸಂಜೆಲಿ ಕೆಸ್ರಲ್ಲಿ ಸೊಸೆ ಮನೆ ತುಂಬ್ಸೂದಾ? ನೀನೇ ಹೇಳಿದ್ದಲ್ಲ ಊರೆದುರಿಗೆ, ಗಟ್ಟಿ ಅದೆ, ಅಮ್ಮನೇ ಹೇಳಾಳೆ ಅಂತ. ಈಗ ಎಂತ ಆತು, ಅಮ್ಮ ಮಾತು ಬದ್ಲಿಸಿದ್ಲಾ? ಬೀಗರ ಎದುರಿಗೆ ನನ್ನ ಮರ್ಯಾದೆ ತೆಗೀಬೇಡ. ಹೊನ್ನಾವರ ಬಂತು, ಇಡು."

ಮತ್ತೆ ಮಾಡಿದರೆ ಎತ್ತಲಿಲ್ಲ. ಸುಚಿತಾಳಿಗೆ ಮಾಡಿದರೆ ಅವಳ ಫೋನು ಜಯಂತಿಯ ಚೀಲದೊಳಗೇ ಮಿಡಿಯಿತು. ನೃತ್ಯ ಮಾಡುವಾಗ ಬೀಳುತ್ತದೆಂದು ಮಗಳು ತಾಯಿಯ ಹತ್ತಿರವೇ ಕೊಟ್ಟಿದ್ದಳು.

"ನೋಡಿದ್ರೆ ಮಾತ್ರ ಅವ್ರು ನಂಬ್ತಾರೆ," ಎಂದ ಜಗದೀಶ. ತನಗೇ ಹೇಳಿಕೊಂಡಂತಿತ್ತು. "ನೋಡಿದ್ರೆ ಮಾತ್ರ ನಾನೂ..."

ಜಯಂತಿ ಹಿಂದಿರುಗಿ ನೋಡದೆ ಗುನಗನ ಮನೆಯ ಅಂಗಳಕ್ಕೆ ಹೋಗಿ, ತೆಂಗಿನ ಬುಡಕ್ಕೆ ಒರಗಿಸಿದ್ದ ಪಿಕಾಸಿ ಎತ್ತಿಕೊಂಡು ಬಂದಳು. ಬೊಮ್ಮಯ್ಯ ಪಂಚೆ ಸುತ್ತಿಕೊಳ್ಳುತ್ತ ಹಿಂದೆಯೇ ಓಡಿ ಬಂದ.

"ಎಂತ ಮಾಡ್ತ್ರಿ? ಸುಬೇದಾರ್ರೇ, ಕೇಳಿದವ್ರು ನೀವು, ಕೊಟ್ಟವಳು ಅವಳು. ಈಗ ಅದೇ ಜಾಗಕ್ಕೆ ಕೈಹಾಕ್ತ್ರಾ?"

ಜಗದೀಶನ ಕೈ ತಾನಾಗಿ ಎದೆಯ ಮುಂದೆ ಕೂಡಿತ್ತು. ಅವನ ತುಟಿ ಅಲುಗುತ್ತಿತ್ತು. ಗುಂಡಿನ ಸದ್ದಿಗೆ ಅಂಜದವನು ಒಂದು ಹೆಜ್ಜೆ ಎತ್ತಿಡಲಾಗದೆ ನಿಂತದ್ದನ್ನು ನೋಡಿ ಜಯಂತಿಗೆ ಸಿಟ್ಟು ಬರಲಿಲ್ಲ. ಜ್ವರ ಬಂದ ಮಗುವನ್ನು ನೋಡಿದಂತಾಯಿತು.

"ಕೇಳಿದ್ದು ಅವ್ರು ಬೊಮ್ಮಯ್ಯ," ಎಂದಳು. "ಬೇಡ ಅಂದಿದ್ದೂ ಅವ್ರಿಗೆ. ನಾ ಕೇಳ್ಲಿಲ್ಲ. ನಂಗೆ ಅವಳು ಬೇಡ ಅಂದಿಲ್ಲ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಮ್ಮನ ಕಲ್ಲಿನ ಕಡೆ ಒಮ್ಮೆ ನೋಡಿ, ಸರಳಿನ ಬುಡಕ್ಕೆ ಪಿಕಾಸಿ ಹಾಕಿದಳು.

ಬೊಮ್ಮಯ್ಯ ಕಣ್ಣು ಮುಚ್ಚಿಕೊಂಡ. ಆಕಾಶ ಬೀಳಲಿಲ್ಲ. ಒಂದು ಕಾಗೆ ಕೂಗಿ ಹಾರಿತು, ಅಷ್ಟೇ. ಮೇಲಿನ ಕೆಂಪು ಮಣ್ಣು ಗಟ್ಟಿಯಾಗಿತ್ತು. ಅದರ ಕೆಳಗೆ ಮರಳು, ಮರಳಿನ ಕೆಳಗೆ ಒದ್ದೆ ಕಪ್ಪು ಮಣ್ಣು. ಮದುವೆಯ ರೇಷ್ಮೆ ಸೀರೆಯ ಅಂಚಿಗೆ ಕೆಸರು ಸಿಡಿಯಿತು. ಬಳೆಗಳು ಮೊಳಕೈಗೆ ಜಾರಿದವು. ಅಂಗೈ ಸುಲಿದು ಉರಿಯತೊಡಗಿದಾಗ ಪಿಕಾಸಿ ಬಿಟ್ಟು ಬರಿಗೈಯಲ್ಲಿ ಮಣ್ಣು ತೋಡಿ ಎಳೆದಳು. ಗುಂಡಿಯ ಅಡಿಯಲ್ಲಿ ಉಪ್ಪುನೀರು ಒಸರತೊಡಗಿತು.

"ಸಾಕು," ಎಂದ ಜಗದೀಶ. ಅವನು ಮಂಡಿಯೂರಿ ಕೂತು ಗುಂಡಿಯೊಳಗೆ ಭುಜದವರೆಗೆ ಕೈ ಇಳಿಸಿದ. ನೆಲದ ಮೇಲೆ ಮುಂಗೈಯಷ್ಟು ದಪ್ಪವಿದ್ದ ಸರಳನ್ನು ಹಿಡಿದು ಅವನ ಕೈ ಕೆಳಗೆ ಕೆಳಗೆ ಹೋಯಿತು. ಜಯಂತಿ ಅವನ ಮುಖವನ್ನೇ ನೋಡುತ್ತಿದ್ದಳು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಗಂಟು ಬಿಚ್ಚಿ ಮುಖ ಬರಿದಾಯಿತು. ಕೈ ಹೊರಗೆಳೆದಾಗ ಮುಷ್ಟಿಯಲ್ಲಿ ಕಬ್ಬಿಣದ ಪದರಗಳಿದ್ದವು, ಒಣಗಿದ ಗೇರುಸಿಪ್ಪೆಯ ಹಾಗೆ.

"ಕಿರುಬೆರಳಷ್ಟೂ ಉಳ್ದಿಲ್ಲ," ಎಂದ.

"ಇನ್ನೊಂದು?"

"ಅದೂ ಇದ್ರ ಸಂಗಡವೇ ಹಾಕಿದ್ದು."

ಹೊಳೆಯ ಆಚೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಇನ್ನೊಂದು ಬಸ್ಸು. ಆಮೇಲೆ ಡೋಲಿನ ಮೊದಲ ಪೆಟ್ಟು, ತುತ್ತೂರಿ, ಹುಡುಗರ ಕೇಕೆ. ಬಣ್ಣ ಬಣ್ಣದ ಸೀರೆಗಳು ಸೇತುವೆಯ ಬಾಯಿಯ ಕಡೆ ಇಳಿಯುತ್ತಿದ್ದವು. ಬೊಮ್ಮಯ್ಯ ಪಂಚೆ ಬಿಚ್ಚಿ ಬೀಸಿ ಕೂಗಿದ. ಆಚೆದಡದ ಹುಡುಗರು ಅದನ್ನು ಸ್ವಾಗತವೆಂದು ತಿಳಿದು ತಾವೂ ಶಾಲು ಬೀಸಿದರು.

ಕೆಳಗೆ ದೋಣಿಗಳು ಕೆಸರಿನಲ್ಲಿ ಹೂತು ಬಿದ್ದಿದ್ದವು. ಆಚೆಗೆ ಹೋಗುವ ದಾರಿ ಒಂದೇ ಇತ್ತು. ಜಗದೀಶ ಅದನ್ನು ನೋಡಿದ. ಜಯಂತಿಯೂ ನೋಡಿದಳು. ಹೋಗಬೇಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಗುಂಪಿನಲ್ಲಿ ಮಗಳಿದ್ದಳು.

"ಮೆಲ್ಲಗೆ ಹೋಗಿ," ಎಂದಳು.

ಅವನು ಚಪ್ಪಲಿ ಬಿಟ್ಟ. ಮಣ್ಣಾದ ಕೈಯನ್ನು ತೊಳೆಯಲೂ ಇಲ್ಲ, ಅಮ್ಮನ ಕಲ್ಲಿಗೆ ಮುಗಿಯಲೂ ಇಲ್ಲ. ಹಲಗೆಯ ಮೇಲೆ ಕಾಲಿಟ್ಟು, ಎರಡೂ ಕೈ ಎತ್ತಿ ಹಿಡಿದು ನಡೆದ. ಹಗ್ಗ ಕಿರ್ರೆಂದಿತು.

ಜಯಂತಿಗೆ ಅವನ ಬೆನ್ನು ನೋಡುತ್ತ ನಿಲ್ಲಲಾಗಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು, ಕೈಯನ್ನು ಒಳಗೆ ಇಳಿಸಿ, ಸವೆದು ಉಳಿದ ಸರಳನ್ನು ಮುಷ್ಟಿಯಲ್ಲಿ ಹಿಡಿದಳು. ಹಿಡಿದು ಏನೂ ಮಾಡುವ ಹಾಗಿರಲಿಲ್ಲ. ಆದರೆ ಅವನು ಇಟ್ಟ ಒಂದೊಂದು ಹೆಜ್ಜೆಯೂ ಅದರೊಳಗೆ ಇಳಿದು ಅವಳ ಅಂಗೈಗೆ ಬಂದು ಮುಟ್ಟುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಒಂದು ಹೆಜ್ಜೆ. ಇನ್ನೊಂದು. ಕಬ್ಬಿಣದ ಪದರವೊಂದು ಬೆರಳ ಸಂದಿಯಲ್ಲಿ ಕಳಚಿತು. ಮತ್ತೆ ಒಂದು ಹೆಜ್ಜೆ. ಡೋಲು ಬಡಿಯುತ್ತಲೇ ಇತ್ತು, ಹತ್ತಿರವೆಂಬಂತೆ, ಅವಳ ಕಿವಿಯೊಳಗೇ ಎಂಬಂತೆ.

ಸರಳಿನೊಳಗಿನ ಹೆಜ್ಜೆ ನಿಂತಿತು. ಡೋಲು ನಿಂತಿತು.

ಆಮೇಲೆ ಹೊಳೆಯ ಮೇಲಿಂದ ದಾಸನ ಬೈಗುಳ ತೇಲಿ ಬಂತು, ತಮ್ಮನ ಹೆಸರು ಹಿಡಿದು, ಅವನ ಇಂಜಿನಿಯರಿಕೆ ಹಿಡಿದು, ಅವನ ಸೈನ್ಯ ಹಿಡಿದು. ಬೊಮ್ಮಯ್ಯ, "ಸುಬೇದಾರ್ರು ಆಚೆ ಮುಟ್ಟಿದ್ರು. ನಿಂತ್ರು, ಎಲ್ಲ ನಿಂತ್ರು ತಂಗೀ," ಎಂದ. "ಏಳು ಇನ್ನು."

ಜಯಂತಿ ಏಳಲಿಲ್ಲ. ಭರ್ತಿ ಶುರುವಾಗಿತ್ತು. ಗುಂಡಿಯಲ್ಲಿ ನೀರು ಮೆಲ್ಲಗೆ ಏರುತ್ತಿತ್ತು. ಅವಳ ಬೆರಳುಗಳು ಮುಳುಗಿದವು, ಮಣಿಕಟ್ಟು ಮುಳುಗಿತು, ಹಸಿರು ಬಳೆಗಳು ಒಂದೊಂದಾಗಿ ಕಂದು ನೀರಿನೊಳಗೆ ಕಾಣದಾದವು. ಹಿಡಿದ ಮುಷ್ಟಿ ಹಾಗೆಯೇ ಇತ್ತು.